ಮಾತ್ರೆ ಬಿಡೋಕೆ ಸಮಯ ಬೇಕು. ಆ ಸಮಯ ಯಾರ ಹತ್ರ ಇದೆ?



ಪೋಸ್ಟ್ ಉದ್ದ ಇದೆ. ಬಿಡುವು ಮಾಡಿಕೊಂಡು ಪೂರ್ತಿ ಓದಿ ಅಂತ ಕೇಳ್ಕೋತೀನಿ. ಅರ್ಧ ಓದಿ ಯಾರಾದರೂ ನಾಳೆ ಬೆಳಿಗ್ಗೆಯಿಂದ ಮಾತ್ರೆ ನಿಲ್ಲಿಸಿಬಿಟ್ಟರೆ ಅದು ಅಪಾಯ. ಅದಕ್ಕೇ ಮೊದಲೇ ಹೇಳ್ತಿದ್ದೀನಿ.

ಈಚೆಗೆ ನಮ್ಮ ಸಭೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ನೋವಿನ ಮಾತ್ರೆ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳ್ತಿದ್ದೀನಿ. ಒಂದು, "ಇದು ಚಟ ಕಣ್ರೀ, ಮನಸ್ಸು ಗಟ್ಟಿ ಮಾಡಿದ್ರೆ ಒಂದೇ ದಿನಕ್ಕೆ ಬಿಡಬಹುದು." ಇನ್ನೊಂದು, "ಮೆಡಿಕಲ್ ಶಾಪ್ ಮೇಲೆ ರೇಡ್ ಮಾಡಿಸಿ, ಸಿಗದ ಹಾಗೆ ಮಾಡಿ, ತಾನಾಗೇ ಸರಿ ಹೋಗ್ತಾರೆ." ಹೇಳೋರು ನಮ್ಮವರೇ, ಕಾಳಜಿಯಿಂದಲೇ ಹೇಳ್ತಾರೆ. ಆದರೂ ಎರಡೂ ತಪ್ಪು. ಈ ಎರಡು ಮಾತಿನ ಬೆಲೆ ತೆರೋರು ಕೇರಿಯ ಕೂಲಿಕಾರರು, ಪೌರಕಾರ್ಮಿಕರು, ಹಮಾಲರು, ಸೊಂಟ ಹಿಡಿದುಕೊಂಡೇ ಕಬ್ಬು ಕಡಿಯೋ ಹೆಣ್ಣುಮಕ್ಕಳು.

ನಾನು ಈ ಮಾತ್ರೆಯನ್ನ 6 ವರ್ಷ ನುಂಗಿದವನು. ಬಿಡೋಕೆ 14 ತಿಂಗಳು ಹಿಡೀತು. ನೋವು ಈಗಲೂ ಇದೆ. ಅದರ ಜೊತೆ ಹೇಗೆ ಬದುಕೋದು ಅಂತ ದಿನಾ ಹೊಸದಾಗಿ ಲೆಕ್ಕ ಹಾಕ್ತೀನಿ. ಇದನ್ನ ಬರೀತಿರೋದು ಅನುಕಂಪಕ್ಕಲ್ಲ. ಮಾತ್ರೆ ಬಿಡೋದನ್ನ ನಾವು ಒಬ್ಬೊಬ್ಬರ ಛಲದ ಪ್ರಶ್ನೆ ಮಾಡಿಬಿಟ್ಟಿದ್ದೀವಿ. ನನ್ನ ಪ್ರಕಾರ ಇದು ರಜೆ, ಕೂಲಿ, ಆಸ್ಪತ್ರೆಗಳ ಪ್ರಶ್ನೆ. ಅಂದರೆ ಚಳವಳಿಯ ಪ್ರಶ್ನೆ.

*ಯಾವ ಮಾತ್ರೆ?*

ಟ್ರಮಡಾಲ್. ಚೀಟಿಯಲ್ಲಿ ಬೇರೆ ಬೇರೆ ಕಂಪನಿ ಹೆಸರು ಇರುತ್ತೆ. ಎಷ್ಟೋ ಸಲ ಪ್ಯಾರಾಸಿಟಮಾಲ್ ಜೊತೆ ಸೇರಿಸಿರ್ತಾರೆ: 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅದರ ಹತ್ತಿರದ ಬಂಧು ಟಪೆಂಟಡಾಲ್. ಇವು ಒಪಿಯಾಯ್ಡ್ ಅನ್ನೋ ಗುಂಪಿಗೆ ಸೇರಿದವು. ಅಫೀಮಿನಿಂದ ಬರೋ ಮಾರ್ಫಿನ್ ಮೆದುಳಲ್ಲಿ ಎಲ್ಲಿ ಹೋಗಿ ಕೂರುತ್ತೋ ಇವೂ ಅಲ್ಲೇ ಹೋಗಿ ಕೂರ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳು ಬೇರೆ ಜಾತಿ. (ಔಷಧಿಗೂ ಜಾತಿ ಬಂತಲ್ಲ ಅಂತ ನಗಬೇಡಿ.)

ಟ್ರಮಡಾಲ್ ಎರಡು ಕೆಲಸ ಮಾಡುತ್ತೆ. ಒಂದು ಮಾರ್ಫಿನ್ ಥರದ್ದು. ಇನ್ನೊಂದು, ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳ ಥರದ್ದು. ಅದಕ್ಕೇ ಇದನ್ನ ಥಟ್ಟನೆ ನಿಲ್ಲಿಸಿದರೆ ಎರಡು ಕಡೆಯಿಂದಲೂ ಹೊಡೆತ. ಮೈ ಬೆವರೋದು, ಮೂಗು ಸುರಿಯೋದು, ಒಂದರ ಹಿಂದೆ ಒಂದು ಆಕಳಿಕೆ, ಭೇದಿ, ರಾತ್ರಿಯೆಲ್ಲ ಕಾಲು ಎಳೆತ, ನಿದ್ದೆ ಇಲ್ಲ. ಇದು ಮೊದಲನೇ ಕಡೆಯದು. ಕೆಲವರಿಗೆ ಇದರ ಮೇಲೆ ವಿಪರೀತ ಗಾಬರಿ, ತಲೆ ಒಳಗೆ ಕರೆಂಟ್ ಹೊಡೆದ ಹಾಗೆ, ಇಲ್ಲದ್ದು ಕಂಡ ಹಾಗೆ. ಇದು ಎರಡನೇ ಕಡೆಯದು. ಕೊನೇ ಮಾತ್ರೆ ನುಂಗಿ ಒಂದು ದಿನ ಕಳೆಯೋದರೊಳಗೆ ಶುರುವಾಗುತ್ತೆ. ಎರಡು ಮೂರನೇ ದಿನ ಜೋರಾಗಿರುತ್ತೆ. ಹೊರಗಿಂದ ನೋಡೋರಿಗೆ "ಚಟದವನು ಒದ್ದಾಡ್ತಿದ್ದಾನೆ" ಅನಿಸುತ್ತೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ದೇಹ ಒಗ್ಗಿಹೋಗೋದು ಬೇರೆ, ಚಟ ಬೇರೆ. ಡಾಕ್ಟರ್ ಬರೆದಂತೆ ಹೊತ್ತೊತ್ತಿಗೆ ತಗೊಂಡವರಿಗೂ ಕೆಲವು ವಾರಗಳಲ್ಲೇ ದೇಹ ಒಗ್ಗಿಹೋಗುತ್ತೆ. ಇದು ಶರೀರದ ಕೆಲಸ, ಶೀಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಚಟ ಅಂದರೆ ಕೈಮೀರಿ ಹುಡುಕೋದು, ಹಾನಿ ಆಗ್ತಿದ್ದರೂ ನಿಲ್ಲಿಸೋಕಾಗದೆ ಹೆಚ್ಚಿಸ್ತಾ ಹೋಗೋದು. ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಇದೆ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಆಗೋದೇನು? ಸೊಂಟ ಮುರಿದ ಹಮಾಲನೂ ನಾಚಿಕೆಗೆ ಬಾಯಿ ಮುಚ್ಚಿಕೊಳ್ತಾನೆ.

*ಈ ನೋವು ಎಲ್ಲಿಂದ ಬಂತು?*

ನಾನು ಪೂರ್ಣಾವಧಿ ಕಾರ್ಯಕರ್ತ ಆಗೋ ಮೊದಲು 9 ವರ್ಷ ಎಪಿಎಂಸಿ ಯಾರ್ಡಲ್ಲಿ ಮೂಟೆ ಹೊತ್ತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಂದು ಶಿಫಾರಸು ಮಾಡಿದೆ: ಒಬ್ಬ ಗಂಡಾಳು ಕೈಯಲ್ಲಿ ಎತ್ತೋ ತೂಕ 55 ಕೆ.ಜಿ. ಮೀರಬಾರದು, ಮೀರಿದ್ದರೆ ಬೇಗ ಇಳಿಸಿ ಅಂತ. ನಾನು ಹೊತ್ತ ಮೂಟೆಗಳಲ್ಲಿ ಕ್ವಿಂಟಾಲ್ ತೂಕದ್ದೂ ಇದ್ದವು. ಲಾರಿ ಲೆಕ್ಕಕ್ಕೆ ಕೂಲಿ. ನಿಂತರೆ ಕೂಲಿ ನಿಲ್ಲುತ್ತೆ. ಬೆನ್ನಿನ ಡಿಸ್ಕ್ ಜಾರಿ ನರ ಒತ್ತಿ ಎಡಗಾಲು ಎಳೆಯೋಕೆ ಶುರುವಾಯ್ತು. ಆಪರೇಷನ್ ಆಯ್ತು. ಕಾಲು ಬಂತು, ನೋವು ಹೋಗಲಿಲ್ಲ.

ಪೌರಕಾರ್ಮಿಕರನ್ನ ಕೇಳಿ ನೋಡಿ. ಇಡೀ ದಿನ ಬಗ್ಗಿ ಗುಡಿಸಿ, ತಳ್ಳುಗಾಡಿ ತಳ್ಳಿ, ಒದ್ದೆ ಕಸ ಎತ್ತಿ ಆಟೋಗೆ ಸುರಿಯೋ ಅಕ್ಕಂದಿರ ಭುಜ, ಸೊಂಟ, ಮಂಡಿ. ಇಟ್ಟಿಗೆ ಗೂಡಿನವರ ಕುತ್ತಿಗೆ. ನಮ್ಮ ಜಾಥಾಗಳ ಮುಂದೆ ತಮಟೆ ಬಡಿಯೋ ಅಣ್ಣಂದಿರ ಮಣಿಕಟ್ಟು. ಯಾರ ಬೆನ್ನು ಯಾವ ವಯಸ್ಸಿಗೆ ಸವೆಯುತ್ತೆ ಅನ್ನೋದನ್ನ ಈ ದೇಶದಲ್ಲಿ ಬಹುಮಟ್ಟಿಗೆ ಹುಟ್ಟೇ ತೀರ್ಮಾನ ಮಾಡುತ್ತೆ. ನೋವು ಬಂದ ಮೇಲೂ ಅದೇ ಕೆಲಸಕ್ಕೆ ಹೋಗಬೇಕು. ಆಗ ಮಾತ್ರೆ ಬರುತ್ತೆ. ಮಾತ್ರೆ ನೋವನ್ನ ವಾಸಿ ಮಾಡಲ್ಲ, ನಾಳೆ ಮತ್ತೆ ಮೂಟೆ ಹೊರೋ ಹಾಗೆ ಮಾಡುತ್ತೆ. ಸವೆದ ಬೆನ್ನು ಇನ್ನಷ್ಟು ಸವೆಯುತ್ತೆ. ಯಜಮಾನನಿಗೆ ಇದರಿಂದ ನಷ್ಟ ಇಲ್ಲ, ಆ ಮಾತ್ರೆ ದುಡ್ಡನ್ನೂ ನಾವೇ ಕೊಡ್ತೀವಿ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಭಾರ ಹೊರೋರು, ಹೊಲದಲ್ಲಿ ದುಡಿಯೋರು, ಹಗಲು ರಾತ್ರಿ ಗಾಡಿ ಓಡಿಸೋರು ದಣಿವು ಮರೆಯೋಕೆ ಇದೇ ಟ್ರಮಡಾಲ್ ನುಂಗ್ತಾರೆ. ಅಲ್ಲಿಗೆ ಹೋದ ಮಾಲಿನಲ್ಲಿ ಭಾರತದ ಕಂಪನಿಗಳದ್ದು ದೊಡ್ಡ ಪಾಲು. 2025ರ ಫೆಬ್ರವರಿಯಲ್ಲಿ ಬಿಬಿಸಿ ವರದಿ ಬಂದ ಮೇಲೆ ಕೇಂದ್ರ ಸರ್ಕಾರ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳ ತಯಾರಿಕೆ, ರಫ್ತಿನ ಪರವಾನಗಿಗಳನ್ನ ವಾಪಸ್ ತಗೊಂಡಿತು. ಕಪ್ಪು ಜನರ ದುಡಿಮೆ, ನಮ್ಮ ದುಡಿಮೆ, ಎರಡರ ಮಧ್ಯೆ ಒಂದೇ ಮಾತ್ರೆ.

*"ನೀವು ಗಟ್ಟಿ ಜನ, ತಡ್ಕೋತೀರ"*

ಈ ಮಾತನ್ನ ನನಗೆ ಒಬ್ಬ ಡಾಕ್ಟರ್ ಹೇಳಿದರು. ಆಸ್ಪತ್ರೆ ಹೆಸರು ಬೇಡ, ಆ ಮಾತು ಒಂದೇ ಆಸ್ಪತ್ರೆಯದ್ದಲ್ಲ. ನೋವು 10ಕ್ಕೆ ಎಷ್ಟು ಅಂತ ಕೇಳಿದರು, 8 ಅಂದೆ. ನನ್ನ ಮುಖ ನೋಡಿ, ಚೀಟಿಯಲ್ಲಿದ್ದ ಊರು, ಕೆಲಸ ನೋಡಿ, ಹಾಗಂದರು. ಅದೇ ಚೀಟಿಯ ಕೆಳಗೆ ಮತ್ತೆ ಮೂರು ತಿಂಗಳಿಗೆ ಅದೇ ಮಾತ್ರೆ ಬರೆದರು. ಫಿಸಿಯೋಥೆರಪಿ ಬಗ್ಗೆ ಒಂದಕ್ಷರ ಇಲ್ಲ.

ಅಮೆರಿಕದಲ್ಲಿ 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿದರು. ಕಪ್ಪು ಜನರ ಚರ್ಮ ದಪ್ಪ ಅನ್ನೋ ಥರದ ಸುಳ್ಳು ನಂಬಿಕೆಗಳು ಮೆಡಿಕಲ್ ಓದ್ತಿರೋ ಬಿಳಿ ವಿದ್ಯಾರ್ಥಿಗಳಲ್ಲೂ ಇದ್ದವು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನ ಕಡಿಮೆ ಅಂದಾಜು ಮಾಡಿದರು, ಚಿಕಿತ್ಸೆ ಸಲಹೆಯಲ್ಲೂ ತಪ್ಪಿದರು. ನಮ್ಮಲ್ಲಿ ಅಂಥ ಅಧ್ಯಯನ ಯಾರು ಮಾಡಬೇಕು? ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಓದ್ತಿರೋ ನಮ್ಮ ಮಕ್ಕಳನ್ನೇ ನಾನು ಕೇಳ್ತಿದ್ದೀನಿ. ಜಾತಿ ಮತ್ತು ನೋವು ಅನ್ನೋದು ಒಂದು ಥೀಸಿಸ್ ವಿಷಯ ಕಣಪ್ಪ, ಬರೀರಿ.

ಗಮನಿಸಿ, ನಮ್ಮ ನೋವನ್ನ ನಂಬದಿರೋದಕ್ಕೆ ಎರಡು ಮುಖ ಇದೆ. ಮೊದಲು ನೋವಿನ ಮೂಲ ಹುಡುಕದೆ ಮಾತ್ರೆ ಕೊಟ್ಟು ಕಳಿಸ್ತಾರೆ. ಆಮೇಲೆ ಅದೇ ಮಾತ್ರೆ ಕೇಳಿದರೆ ಚಟದವನು ಅಂತ ಓಡಿಸ್ತಾರೆ. ಎರಡೂ ಸಲ ಕೂತು ಕೇಳೋರು ಇಲ್ಲ.

*ಬಿಡೋದು ಹೇಗೆ ಕೆಲಸ ಮಾಡುತ್ತೆ?*

ಬೆಂಗಳೂರಿನ ಇನ್ನೊಂದು ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಒಬ್ಬ ಡಾಕ್ಟರ್ ಮೇಡಂ ಸಿಕ್ಕರು. ಮೊದಲ ದಿನ ಮಾತ್ರೆ ವಿಷಯಕ್ಕೇ ಬರಲಿಲ್ಲ. "ಎಷ್ಟು ಹೊತ್ತು ಕೂರ್ತೀರ? ಎಷ್ಟು ದೂರ ನಡೀತೀರ? ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ? ಮನೇಲಿ ನೀರು ಯಾರು ಹೊರ್ತಾರೆ?" ಅಂತ ಕೇಳಿದರು. ಆಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಟ್ಟರು. ಆ ಲೆಕ್ಕವನ್ನ ಹಂಚ್ಕೋತೀನಿ. ನೀವು ಇದನ್ನೇ ನಕಲು ಮಾಡಲಿ ಅಂತ ಅಲ್ಲ, ನಿಧಾನ ಅಂದರೆ ಎಷ್ಟು ನಿಧಾನ ಅಂತ ತಿಳೀಲಿ ಅಂತ.

ನಾನು ದಿನಕ್ಕೆ 4 ಮಾತ್ರೆ ತಗೋತಿದ್ದೆ. ಅಂದರೆ 150 ಮಿಲಿಗ್ರಾಂ ಟ್ರಮಡಾಲ್. ತಿಂಗಳಿಗೊಮ್ಮೆ ಅರ್ಧ ಮಾತ್ರೆ ಇಳಿಸೋದು. ನಾಲ್ಕರಿಂದ ಮೂರೂವರೆ, ಮುಂದಿನ ತಿಂಗಳು ಮೂರು, ಹೀಗೆ. ಕಾಗದದ ಮೇಲೆ 8 ತಿಂಗಳ ಲೆಕ್ಕ. ಆದರೆ ಕೊನೆಕೊನೆಗೆ ಕಷ್ಟ ಜಾಸ್ತಿ ಆಗುತ್ತೆ, ಯಾಕೆ ಅಂತ ಮೇಡಂ ಮೊದಲೇ ಬಿಡಿಸಿ ಹೇಳಿದರು. ನಾಲ್ಕರಲ್ಲಿ ಅರ್ಧ ಇಳಿಸಿದರೆ ಇಳಿದದ್ದು ಎಂಟನೇ ಒಂದು ಭಾಗ. ಒಂದರಲ್ಲಿ ಅರ್ಧ ಇಳಿಸಿದರೆ ಅರ್ಧಕ್ಕರ್ಧ ಹೋಯ್ತು. ಕೈಗೆ ಅದೇ ಅರ್ಧ ಮಾತ್ರೆ, ದೇಹಕ್ಕೆ ನಾಲ್ಕು ಪಟ್ಟು ಪೆಟ್ಟು. ಅದಕ್ಕೇ ಕೊನೇ ಒಂದು ಮಾತ್ರೆಯನ್ನ ದಾಟೋಕೇ ನನಗೆ 5 ತಿಂಗಳು ಬೇಕಾಯ್ತು. ಮಧ್ಯೆ ಎರಡು ಸಲ ಇಳಿಸೋದನ್ನ ತಡೆದು ಅಲ್ಲೇ ನಿಂತೆವು. ಹಿಂದಕ್ಕೆ ಹೋಗಲಿಲ್ಲ, ನಿಂತೆವು ಅಷ್ಟೇ. ನಿಲ್ಲೋದು ಸೋಲಲ್ಲ ಅಂತ ಮೇಡಂ ಹಾಳೆಯ ಮೇಲೇ ಬರೆದಿದ್ದರು.

ಇದು ಒಬ್ಬ ಡಾಕ್ಟರ ಕರುಣೆ ಅಂದುಕೋಬೇಡಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರ ಮಾರ್ಗಸೂಚಿಯಲ್ಲಿ ಹೇಳಿರೋದೂ ಇದೇ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಈ ಮಾತ್ರೆ ತಗೊಂಡವರಿಗೆ ತಿಂಗಳಿಗೆ ಶೇ. 10ರಷ್ಟು ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸೋದೇ ತಡ್ಕೊಳ್ಳೋಕೆ ಆಗೋ ವೇಗ.

ಇಳಿಸುವಾಗ ನೋವು ಮೇಲೇಳುತ್ತೆ. ಅದರಲ್ಲಿ ಒಂದಷ್ಟು ಹಳೇ ನೋವು, ಒಂದಷ್ಟು ಮಾತ್ರೆ ಇಳಿದದ್ದರ ನೋವು. ಎರಡನೆಯದು ಕೆಲವು ವಾರಗಳಲ್ಲಿ ತಗ್ಗುತ್ತೆ. ಇದು ಗೊತ್ತಿಲ್ಲದೆ ಹೋದರೆ ಮೊದಲ ವಾರದಲ್ಲೇ "ಮಾತ್ರೆ ಇಲ್ಲದೆ ನಾನು ಬದುಕಲ್ಲ" ಅಂತ ಅನಿಸಿಬಿಡುತ್ತೆ. ಇನ್ನೊಂದು ವಿಚಿತ್ರ ಇದೆ. ವರ್ಷಗಟ್ಟಲೆ ಒಪಿಯಾಯ್ಡ್ ತಗೊಂಡರೆ ಕೆಲವರಲ್ಲಿ ನರಗಳೇ ಸೂಕ್ಷ್ಮವಾಗಿ, ಮುಂಚೆಗಿಂತ ನೋವು ಹೆಚ್ಚಾಗಬಹುದು. ಅಂದರೆ ನೋವಿಗೆ ಅಂತ ತಗೊಂಡ ಮಾತ್ರೆಯೇ ನೋವನ್ನ ಹೆಚ್ಚಿಸ್ತಿರಬಹುದು.

2018ರಲ್ಲಿ ಅಮೆರಿಕದಲ್ಲಿ 240 ಮಾಜಿ ಸೈನಿಕರ ಮೇಲೆ ನಡೆದ ಒಂದು ಪ್ರಯೋಗ ಪ್ರಕಟ ಆಯ್ತು. ಎಲ್ಲರಿಗೂ ಬೆನ್ನುನೋವು ಅಥವಾ ಮಂಡಿ, ಸೊಂಟದ ಕೀಲು ಸವೆತ. ಅರ್ಧ ಜನಕ್ಕೆ ಒಪಿಯಾಯ್ಡ್, ಅರ್ಧ ಜನಕ್ಕೆ ಬೇರೆ ನೋವಿನ ಔಷಧಿ. ಒಂದು ವರ್ಷ ಆದ ಮೇಲೆ ನೋಡಿದರೆ ದಿನದ ಕೆಲಸ ಮಾಡೋ ಶಕ್ತಿಯಲ್ಲಿ ಒಪಿಯಾಯ್ಡ್‌ನವರು ಮುಂದೆ ಇರಲಿಲ್ಲ. ನೋವಿನ ತೀವ್ರತೆಯಲ್ಲಿ ಬೇರೆ ಔಷಧಿಯವರೇ ಸ್ವಲ್ಪ ಮೇಲು. ಹಾಗಂತ ಬಿಟ್ಟವರಿಗೆಲ್ಲ ನೋವು ಕಡಿಮೆ ಆಗುತ್ತೆ ಅಂತ ನಾನು ಆಸೆ ತೋರಿಸಲ್ಲ. ನನಗೆ 8 ಇದ್ದದ್ದು ಈಗ 5, 6ರ ಹತ್ರ ಇದೆ. ಕೆಟ್ಟ ದಿನ 8. ಆದರೆ ತಲೆ ಮಂಪರು ಹೋಗಿದೆ, ಹೊಟ್ಟೆ ಸರಿಯಾಗಿದೆ, ಸಭೆಯಲ್ಲಿ ಮಾತಾಡ್ತಾ ಮಾತಾಡ್ತಾ ಪದ ಮರೆತು ನಿಲ್ಲಲ್ಲ.

ಮಾತ್ರೆ ಜಾಗಕ್ಕೆ ಏನು ಬಂತು? ಒಂದೇ ಒಂದು ವಸ್ತು ಬರಲಿಲ್ಲ. ನರದ ನೋವಿಗೆ ರಾತ್ರಿ ಒಂದು ಸಣ್ಣ ಡೋಸ್ ಬೇರೆ ಮಾತ್ರೆ. ವಾರಕ್ಕೆರಡು ದಿನ ಫಿಸಿಯೋಥೆರಪಿ. ದಿನಾ ನಡಿಗೆ, ಮೊದಲು 5 ನಿಮಿಷದಿಂದ ಶುರು. ಬಿಸಿನೀರಿನ ಚೀಲ. 40 ನಿಮಿಷಕ್ಕಿಂತ ಹೆಚ್ಚು ಕೂರದಿರೋದು. ಒಳ್ಳೇ ದಿನ ಬಂತು ಅಂತ ಇಡೀ ವಾರದ ಕೆಲಸ ಅವತ್ತೇ ಮಾಡದಿರೋದು. ಎಲ್ಲಕ್ಕಿಂತ ಹೆಚ್ಚಾಗಿ, ಭಾರ ಹೊರೋ ಕೆಲಸಕ್ಕೆ ವಾಪಸ್ ಹೋಗದಿರೋದು.

ಈಗ ನನ್ನ ತಲೆಬರಹದ ಪ್ರಶ್ನೆಗೆ ಬನ್ನಿ. ನನಗೆ ಇದೆಲ್ಲ ಸಾಧ್ಯ ಆಗಿದ್ದು ಯಾಕೆ? ಹೆಂಡತಿಗೆ ಅಂಗನವಾಡಿ ಕೆಲಸ ಇತ್ತು. ಸಂಘಟನೆಯವರು 14 ತಿಂಗಳು ನನ್ನ ಓಡಾಟದ ಕೆಲಸ ಹಂಚಿಕೊಂಡರು. ಇಬ್ಬರು ಹುಡುಗರು ಸರದಿ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದನ್ನ ನನ್ನ ಛಲ ಅಂತ ಬರೆದರೆ ಅವರಿಗೆ ಮೋಸ. ಯಾರ್ಡಲ್ಲಿ ನನ್ನ ಜೊತೆ ಮೂಟೆ ಹೊತ್ತ ಗೆಳೆಯನಿಗೂ ಅದೇ ನೋವು, ಅದೇ ಮಾತ್ರೆ. ಅವನು ಮೂರು ದಿನ ಕೆಲಸಕ್ಕೆ ಹೋಗದಿದ್ದರೆ ನಾಲ್ಕನೇ ದಿನ ಅವನ ಜಾಗದಲ್ಲಿ ಇನ್ನೊಬ್ಬ. ಮಾತ್ರೆ ಇಳಿಸಿದ ಮೊದಲ ವಾರ ಅವನು ಮೂಟೆ ಹೊರೋಕಾಗಲ್ಲ. ಅವನಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂತ ನಾನು ಯಾವ ಬಾಯಲ್ಲಿ ಹೇಳಲಿ?

*ರೇಡ್ ಮಾಡಿಸಿದರೆ?*

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನ ಎನ್‌ಡಿಪಿಎಸ್ ಕಾಯ್ದೆಯಡಿ ತಂತು. ಕಾರಣ ಇತ್ತು, ದುರ್ಬಳಕೆ ನಿಜವಾಗಲೂ ಇತ್ತು. ಚೀಟಿ ಇಲ್ಲದೆ ಮಾರೋ ಅಂಗಡಿ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಮುಚ್ಚೋ ಮೊದಲು ಒಳಗಿರೋರಿಗೆ ದಾರಿ ತೋರಿಸಬೇಕಲ್ಲ? ನನ್ನ ಮಾಮೂಲಿ ಅಂಗಡಿಯವನು ಒಂದು ದಿನ ಇದ್ದಕ್ಕಿದ್ದ ಹಾಗೆ "ಇನ್ಮೇಲೆ ಇಡಲ್ಲ, ನಮಗ್ಯಾಕೆ ತಲೆನೋವು" ಅಂದ. ನನ್ನ ಕೈಯಲ್ಲಿ ಸರಿಯಾದ ಚೀಟಿ ಇತ್ತು. ಮುಂದಿನ ಎರಡು ದಿನ ಹೇಗೆ ಕಳೆದೆ ಅಂತ ಬರೆಯೋದು ಬೇಡ, ಮೇಲೆ ಬರೆದ ಲಕ್ಷಣಗಳ ಪಟ್ಟಿಯನ್ನ ಮತ್ತೊಮ್ಮೆ ಓದಿ.

ಈ ತಪ್ಪಿಗೆ ದೊಡ್ಡ ಪಾಠ ಅಮೆರಿಕದಲ್ಲಿದೆ. 1996ರಲ್ಲಿ ಪರ್ಡ್ಯೂ ಅನ್ನೋ ಕಂಪನಿ ಆಕ್ಸಿಕಾಂಟಿನ್ ಅನ್ನೋ ಒಪಿಯಾಯ್ಡ್ ಮಾತ್ರೆಯನ್ನ ಮಾರುಕಟ್ಟೆಗೆ ತಂದು, ಚಟ ಹಿಡಿಯೋ ಅಪಾಯವನ್ನ ಕಡಿಮೆ ಮಾಡಿ ತೋರಿಸಿ ಮಾರಿತು. 2007ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಕೋರ್ಟಲ್ಲಿ ತಪ್ಪು ಒಪ್ಪಿಕೊಂಡಿತು. ಲಕ್ಷಾಂತರ ಜನ ಸತ್ತರು. ಆಮೇಲೆ ಅಲ್ಲಿನ ವ್ಯವಸ್ಥೆ ಇನ್ನೊಂದು ತುದಿಗೆ ಹಾರಿತು. 2016ರ ಮಾರ್ಗಸೂಚಿಯನ್ನ ತಪ್ಪಾಗಿ ಹಿಡಿದು, ವರ್ಷಗಳಿಂದ ತಗೋತಿದ್ದವರ ಮಾತ್ರೆಯನ್ನ ಡಾಕ್ಟರುಗಳು ಥಟ್ಟನೆ ಕತ್ತರಿಸಿದರು. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ಇಲಾಖೆ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯ್ತು. ಹೀಗೆ ಥಟ್ಟನೆ ನಿಲ್ಲಿಸಿದ್ದರಿಂದ ತಡೆಯಲಾರದ ನೋವು, ಮಾನಸಿಕ ಯಾತನೆ, ಆತ್ಮಹತ್ಯೆ ಆಗ್ತಿವೆ ಅಂತ. ಕೆಲವರು ಬೀದಿಯ ಮಾದಕವಸ್ತು ಹುಡುಕಿಕೊಂಡು ಹೋದರು. ದುಡ್ಡಿರೋ ದೇಶದಲ್ಲೇ ಹೀಗಾದರೆ, ತಾಲೂಕಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಸಿಗದ ನಮ್ಮವರ ಕತೆ ಏನು?

ರೇಡ್ ಬೇಕು ಅನ್ನೋ ಸಂಗಾತಿಗಳಿಗೆ ಇನ್ನೊಂದು ಪ್ರಶ್ನೆ. ಪೊಲೀಸರು ಮೊದಲು ಯಾರ ಜೇಬು ತಡಕ್ತಾರೆ? ಅಪಾರ್ಟ್‌ಮೆಂಟಿನವರದ್ದಾ, ಕೇರಿ ಹುಡುಗರದ್ದಾ? ಉತ್ತರ ನಿಮಗೂ ಗೊತ್ತು. ಅದೇ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೆಕ್ಷನ್ 64ಎ ಅಂತ ಒಂದಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಲ್ಲಿರೋ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ತಗೊಂಡರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತೆ. ನಮ್ಮ ವಕೀಲ ಮಿತ್ರರು ಇದನ್ನ ಕೇರಿಗಳಲ್ಲಿ ಹೇಳಬೇಕು.

*ಮಾರ್ಫಿನ್ ವಿರೋಧ ಬೇಡ*

ಇದನ್ನ ಓದಿ "ಒಪಿಯಾಯ್ಡ್ ಎಲ್ಲಾ ಬ್ಯಾನ್ ಮಾಡಿ" ಅಂತ ಬೋರ್ಡ್ ಹಿಡೀಬೇಡಿ. ಕ್ಯಾನ್ಸರಿನ ಕೊನೇ ಹಂತದ ನೋವಿಗೆ ಮಾರ್ಫಿನ್ ಬೇಕೇ ಬೇಕು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಮೇಲೆ ಅಫೀಮು ಬೆಳೀತಾರೆ. ನೀಮಚ್, ಗಾಜಿಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಆದರೂ ನಮ್ಮ ಹಳ್ಳಿಗಳಲ್ಲಿ ಬಾಯಿ ಕ್ಯಾನ್ಸರಿನವರು, ಗರ್ಭಕೋಶದ ಕ್ಯಾನ್ಸರಿನ ತಾಯಂದಿರು ಪ್ಯಾರಾಸಿಟಮಾಲ್ ನುಂಗಿ ಕಿರುಚ್ತಾ ಸಾಯ್ತಾರೆ. 1985ರ ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟಿದ್ದವು. ಅದನ್ನ ಸಡಿಲಿಸೋಕೆ 2014ರಲ್ಲಿ ತಿದ್ದುಪಡಿ ಬಂತು. ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತವರ ಸಂಗಾತಿಗಳು 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರು ಮಾಡಿದ ಕೆಲಸ ಊರೂರಿಗೆ ಹಬ್ಬಿ, ಮನೆ ಬಾಗಿಲಿಗೇ ಹೋಗಿ ನೋವು ಇಳಿಸುತ್ತೆ. ಹೊರೆ ಹೊರೋನಿಗೆ ಲೆಕ್ಕವಿಲ್ಲದೆ ಟ್ರಮಡಾಲ್, ಸಾಯೋ ತಾಯಿಗೆ ಒಂದು ಹನಿ ಮಾರ್ಫಿನ್ ಇಲ್ಲ. ನಮ್ಮ ಜನಕ್ಕೆ ಎರಡೂ ಕಡೆ ಅನ್ಯಾಯ.

*ಚಳವಳಿಯವರಿಗೊಂದು ಮಾತು*

ನಾವು ಕಾರ್ಯಕರ್ತರು ನೋವು ಮುಚ್ಚಿಟ್ಟುಕೊಳ್ಳೋದನ್ನ ದೊಡ್ಡಸ್ತಿಕೆ ಮಾಡಿಕೊಂಡಿದ್ದೀವಿ. ಮೂರು ದಿನ ನಿದ್ದೆ ಇಲ್ಲದೆ ಧರಣಿ ಕೂತೆ, ಜ್ವರದಲ್ಲೂ ಪಾದಯಾತ್ರೆ ನಡೆದೆ ಅಂತ ಹೇಳ್ಕೋತೀವಿ. ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದಿದರು ಅಂತ ಪ್ರತಿ ಏಪ್ರಿಲ್ 14ಕ್ಕೆ ಭಾಷಣ ಮಾಡ್ತೀವಿ. ಅವರ ಕಾಲು ನೋವಿನ ಬಗ್ಗೆ ಯಾರೂ ಮಾತಾಡಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು, ನರದ ನೋವಿತ್ತು, ಸಂಧಿವಾತ ಇತ್ತು. ಕಾಲು ನೋವಿಗೆ ಎಷ್ಟೋ ರಾತ್ರಿ ನಿದ್ದೆ ಇರಲಿಲ್ಲ. ಸಂವಿಧಾನದ ಕರಡು ತಯಾರಾಗ್ತಿದ್ದ ಕಾಲದಲ್ಲೇ ಅವರು ಚಿಕಿತ್ಸೆಗೆ ಅಂತ ಬಾಂಬೆಗೆ ಹೋಗ್ತಿದ್ದರು. ಡಾ. ಶಾರದಾ ಕಬೀರ್ ಅವರ ಪರಿಚಯ ಆಗಿದ್ದು, 1948ರ ಏಪ್ರಿಲ್ 15ರಂದು ಮದುವೆ ಆಗಿದ್ದು ಆ ಕಾಲದಲ್ಲೇ. ಅವರು ನೋವನ್ನ ಮುಚ್ಚಿಡಲಿಲ್ಲ. ಡಾಕ್ಟರನ್ನ ಹುಡುಕಿದರು, ಆರೈಕೆ ಬೇಕು ಅಂತ ಒಪ್ಪಿಕೊಂಡರು, ಆ ಆರೈಕೆಯ ಜೊತೆಯಲ್ಲೇ ಕೆಲಸ ಮಾಡಿದರು. ನಮ್ಮ ಹುಡುಗರಿಗೆ 18 ಗಂಟೆಯ ಜೊತೆ ಇದನ್ನೂ ಹೇಳಿಕೊಡಿ.

*ಏನು ಕೇಳಬೇಕು?*

2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ ಸರ್ಕಾರ ಕಾಯಂ ಮಾಡೋ ಮಾತಿಗೆ ಬಂತು. ಹಾಗೇ ನೋವಿನ ವಿಷಯವೂ ಬೇಡಿಕೆ ಪಟ್ಟಿಗೆ ಬರಬೇಕು. ನನ್ನ ಪಟ್ಟಿ ಇದು, ನೀವು ಸೇರಿಸಿ, ತಿದ್ದಿ.

1. ಪ್ರತಿ ತಾಲೂಕಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ನೋವಿನ ಹೊರರೋಗಿ ವಿಭಾಗ, ಒಬ್ಬ ಕಾಯಂ ಫಿಸಿಯೋಥೆರಪಿಸ್ಟ್.

2. ಆರು ತಿಂಗಳು ಮೀರಿ ಟ್ರಮಡಾಲ್, ಟಪೆಂಟಡಾಲ್ ಬರೆದರೆ, ಇಳಿಸೋ ಯೋಜನೆಯನ್ನೂ ಕನ್ನಡದಲ್ಲಿ ಬರೆದು ಕೊಡಬೇಕು. ಆ ಯೋಜನೆ ಇರೋರಿಗೆ ಸರ್ಕಾರಿ ಔಷಧಾಲಯದಿಂದ ಮಾತ್ರೆ ಸಿಗಬೇಕು.

3. ಗುತ್ತಿಗೆ ಪೌರಕಾರ್ಮಿಕರು, ಹಮಾಲರು, ಲೋಡರುಗಳಿಗೆ ವೇತನಸಹಿತ ಅನಾರೋಗ್ಯ ರಜೆ, ವಾಪಸ್ ಬಂದಾಗ ಹಗುರ ಕೆಲಸ. ಇಎಸ್‌ಐ ಇರೋದು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋ ನೌಕರರಿಗೆ. ಲಾರಿ ಲೆಕ್ಕದ ಕೂಲಿಯವನಿಗೆ ಅದೂ ಇಲ್ಲ.

4. ಎಪಿಎಂಸಿಗಳಲ್ಲಿ 50 ಕೆ.ಜಿ. ಮೀರಿದ ಮೂಟೆ ನಿಷೇಧ. ಬೆನ್ನು ಮುರಿದ ಮೇಲೆ ಚಿಕಿತ್ಸೆ ಕೊಡೋದಕ್ಕಿಂತ ಇದು ಅಗ್ಗ.

5. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್, ಅದನ್ನ ಕೊಡೋಕೆ ತರಬೇತಿ ಪಡೆದ ಸಿಬ್ಬಂದಿ.

*ಈಗ ಮಾತ್ರೆ ತಗೋತಿರೋರಿಗೆ*

ಥಟ್ಟನೆ ನಿಲ್ಲಿಸಬೇಡಿ. ಡಾಕ್ಟರ್ ಜೊತೆ ಮಾತಾಡಿ. ಒಬ್ಬರು ಬೈದರೆ ಇನ್ನೊಬ್ಬರ ಹತ್ರ ಹೋಗಿ, ಜೊತೆಗೆ ಮಾತು ಬಲ್ಲ ಒಬ್ಬರನ್ನ ಕರೆದುಕೊಂಡು ಹೋಗಿ. ನಿಧಾನಕ್ಕೆ ಕರಗೋ ಮಾತ್ರೆ ಅಂತ ಇರುತ್ತೆ, ಹೆಸರಿನ ಕೊನೆಗೆ ಎಸ್‌ಆರ್ ಅಂತ ಬರೆದಿರ್ತಾರೆ. ಅದನ್ನ ಮುರೀಬೇಡಿ, ಪುಡಿ ಮಾಡಬೇಡಿ. ಇಡೀ ಡೋಸ್ ಒಂದೇ ಸಲಕ್ಕೆ ಇಳಿದುಬಿಡುತ್ತೆ. ಈ ಮಾತ್ರೆ ಜೊತೆ ಸಾರಾಯಿ ಅಥವಾ ನಿದ್ದೆ ಮಾತ್ರೆ ಸೇರಿದರೆ ಉಸಿರು ನಿಲ್ಲಬಹುದು. ಫಿಟ್ಸ್ ಇರೋರು, ಖಿನ್ನತೆಗೆ ಮಾತ್ರೆ ತಗೋತಿರೋರು ಅದನ್ನ ಡಾಕ್ಟರಿಗೆ ಹೇಳಲೇಬೇಕು. ಟ್ರಮಡಾಲ್ ಬದಲು ಡೈಕ್ಲೊಫೆನಾಕ್ ನೀವೇ ಕೊಂಡು ದಿನಾ ನುಂಗಬೇಡಿ, ಹೊಟ್ಟೆ, ಕಿಡ್ನಿ ಹೋಗುತ್ತೆ. ಮುಖ್ಯವಾದದ್ದು: ಬಿಟ್ಟು ಕೆಲವು ವಾರ ಆದ ಮೇಲೆ ನೋವು ತಡೀಲಾರದೆ ಹಳೇ ಲೆಕ್ಕದಲ್ಲಿ ಮತ್ತೆ ನುಂಗಬೇಡಿ. ಮುಂಚೆ ತಡೆದ ಡೋಸನ್ನ ದೇಹ ಈಗ ತಡೆಯಲ್ಲ, ಜೀವ ಹೋಗಬಹುದು.

ಮನಸ್ಸು ಕುಸಿದರೆ, ಸಾಯೋ ಯೋಚನೆ ಬಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಬಿಡೋಕೆ ಸಹಾಯ ಬೇಕಾದರೆ ವ್ಯಸನಮುಕ್ತಿ ಸಹಾಯವಾಣಿ 14446. ಬೆಂಗಳೂರಿಗೆ ಬರೋಕೆ ಆಗೋರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ.

ಇನ್ನು ಸಂಘಟನೆಗಳವರಿಗೆ. ನಿಮ್ಮ ಶಾಖೆಯಲ್ಲಿ ಯಾರಾದರೂ ಮಾತ್ರೆ ಇಳಿಸ್ತಿದ್ದರೆ ಅವರ ಮುಂದೆ ಭಾಷಣ ಬೇಡ. ಅವರ ಕೂಲಿ ತಪ್ಪಿದ ದಿನಗಳಿಗೆ ಚಂದಾ ಎತ್ತಿ. ಆಸ್ಪತ್ರೆ ದಿನ ಜೊತೆಗೆ ಹೋಗಿ. ಮನೆಗೆ ನೀರು ಹೊತ್ತು ಕೊಡಿ. ಈ ತಿಂಗಳ ಸಭೆಯಲ್ಲಿ ಮೇಲಿನ ಐದು ಬೇಡಿಕೆಗಳನ್ನ ಚರ್ಚೆಗಿಟ್ಟು, ನಿಮ್ಮ ತಾಲೂಕು ಆರೋಗ್ಯಾಧಿಕಾರಿಗೆ ಮನವಿ ಕೊಡಿ. ಕೊಟ್ಟ ಪ್ರತಿಗೆ ಸೀಲು ಹಾಕಿಸಿ ಇಟ್ಕೊಳ್ಳಿ.

ಜೈ ಭೀಮ್.